ಗೆರ್ಡಾ ಲರ್ನರ್ ಬಿ.ಎ. ಮುಗಿಸಿದ್ದು 43ಕ್ಕೆ

ಪ್ರಶ್ನೆ: ಮೇಡಂ, ನನಗೀಗ 39 ವರ್ಷ. ಇತಿಹಾಸದಲ್ಲಿ ಎಂ.ಎ. ಮುಗಿಸಿ 15 ವರ್ಷ ಆಯ್ತು. ಮದುವೆ, ಇಬ್ಬರು ಮಕ್ಕಳು, ಅತ್ತೆಯವರ ಆರೈಕೆ ಅಂತ ಹತ್ತು ವರ್ಷ ಪುಸ್ತಕ ಮುಟ್ಟಲಿಲ್ಲ. ಈಗ ನಮ್ಮ ತಾಲ್ಲೂಕಿನ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹೆಣ್ಣುಮಕ್ಕಳ ಇತಿಹಾಸದ ಮೇಲೆ ಪಿಎಚ್.ಡಿ. ಮಾಡಬೇಕು ಅಂತ ಬಹಳ ಆಸೆ. ಒಬ್ಬ ಹಿರಿಯ ಪ್ರಾಧ್ಯಾಪಕರ ಹತ್ತಿರ ಮಾತಾಡಿದೆ. 'ಅದು ಇತಿಹಾಸ ಅಲ್ಲಮ್ಮಾ. ಅದಕ್ಕೆ ಆಧಾರಾನೂ ಸಿಗಲ್ಲ. ಈ ವಯಸ್ಸಲ್ಲಿ ಸುಮ್ನೆ ಯಾಕೆ' ಅಂದರು. ಗೆಳತಿಯೊಬ್ಬಳು ಗೆರ್ಡಾ ಲರ್ನರ್ ಅವರ ಬಗ್ಗೆ ಓದು ಅಂದಳು. ಅವರು ಯಾರು? ಅವರು ನಡೆದ ದಾರಿಯಿಂದ ನನ್ನಂಥವಳಿಗೆ ಉಪಯೋಗ ಇದೆಯಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ಪ್ರಾಧ್ಯಾಪಕರು ನಿಮಗೆ ಮೂರು ಮಾತು ಹೇಳಿದ್ದಾರೆ. ಇದು ಇತಿಹಾಸ ಅಲ್ಲ, ಆಧಾರ ಸಿಗಲ್ಲ, ವಯಸ್ಸಾಯ್ತು. ಅರವತ್ತು ವರ್ಷದ ಹಿಂದೆ ಅಮೆರಿಕದಲ್ಲೂ ಇವೇ ಮಾತುಗಳಿದ್ದವು. ಅವುಗಳಿಗೆ ಉತ್ತರ ಕೊಡುವುದರಲ್ಲೇ ಗೆರ್ಡಾ ಲರ್ನರ್ ಅವರ ಅರ್ಧ ಆಯಸ್ಸು ಕಳೆಯಿತು. ಅಮೆರಿಕದಲ್ಲಿ ಹೆಣ್ಣುಮಕ್ಕಳ ಇತಿಹಾಸವನ್ನು ಒಂದು ಓದಿನ ವಿಷಯವಾಗಿ ಕಟ್ಟಿದ ಇತಿಹಾಸಗಾರ್ತಿ ಅವರು. ನಿಮ್ಮ ಗೆಳತಿ ಸರಿಯಾದ ಹೆಸರನ್ನೇ ಹೇಳಿದ್ದಾರೆ.

ವಯಸ್ಸಿನ ಮಾತು ಮೊದಲು ಮುಗಿಸಿಬಿಡೋಣ. ಲರ್ನರ್ ಹುಟ್ಟಿದ್ದು 1920ರ ಏಪ್ರಿಲ್ 30. ಬಿ.ಎ. ಪದವಿ ಸಿಕ್ಕಿದ್ದು 1963ರಲ್ಲಿ. ಎಂ.ಎ. 1965, ಪಿಎಚ್.ಡಿ. 1966. ಅಂದರೆ ಡಾಕ್ಟರೇಟ್ ಬಂದಾಗ ಅವರಿಗೆ 46. ಮಗ, ಮಗಳು ಇಬ್ಬರೂ ಬೆಳೆದಿದ್ದರು. ನಿಮ್ಮ ಹತ್ತಿರ ಈಗಲೇ ಎಂ.ಎ. ಇದೆ. ಆ ಲೆಕ್ಕದಲ್ಲಿ ನೀವು ಅವರಿಗಿಂತ ಮುಂದೆಯೇ ಇದ್ದೀರಿ.

ಇದನ್ನು ಬರೀ ಸಮಾಧಾನಕ್ಕೆ ಹೇಳುತ್ತಿಲ್ಲ. ತಡವಾಗಿ ಓದಿದರೂ ದೊಡ್ಡ ಹೆಸರು ಮಾಡಿದರು ಅನ್ನುವ ಕಥೆ ಯಾರ ಬಗ್ಗೆ ಬೇಕಾದರೂ ಹೇಳಬಹುದು. ಲರ್ನರ್ ವಿಷಯ ಬೇರೆ. ಕಾಲೇಜಿಗೆ ಬರುವ ಮೊದಲು ಕಳೆದ ಆ ವರ್ಷಗಳಿಂದಲೇ ಅವರ ಇತಿಹಾಸ ಹುಟ್ಟಿತು. ಅದನ್ನು ನಿಧಾನವಾಗಿ ಹೇಳುತ್ತೇನೆ. ನಿಮ್ಮ ಹತ್ತು ವರ್ಷಕ್ಕೂ ಅದಕ್ಕೂ ಸಂಬಂಧ ಇದೆ.

ಅವರು ವಿಯೆನ್ನಾದ ಯಹೂದಿ ಮನೆಯ ಮಗಳು. ತಂದೆಗೆ ಔಷಧಿ ಅಂಗಡಿ ಇತ್ತು, ತಾಯಿ ಚಿತ್ರ ಬರೆಯುತ್ತಿದ್ದರು. 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ಬಂತು. ತಂದೆ ಪಕ್ಕದ ಲಿಕ್ಟೆನ್‌ಸ್ಟೈನ್‌ಗೆ ತಪ್ಪಿಸಿಕೊಂಡರು. ನಾಜಿಗಳು ತಾಯಿಯನ್ನೂ ಗೆರ್ಡಾರನ್ನೂ ಹಿಡಿದು ಆರು ವಾರ ಜೈಲಿನಲ್ಲಿಟ್ಟರು. ಹದಿನೆಂಟನೇ ಹುಟ್ಟುಹಬ್ಬ ಆ ಜೈಲಿನಲ್ಲೇ ಆಯಿತು. ಯಹೂದಿ ಕೈದಿಗಳಿಗೆ ಊಟ ಕಡಿಮೆ ಕೊಡುತ್ತಿದ್ದರು. ಅದೇ ಕೋಣೆಯಲ್ಲಿ ರಾಜಕೀಯ ಕಾರಣಕ್ಕೆ ಬಂಧನವಾಗಿದ್ದ ಯಹೂದಿಯಲ್ಲದ ಇಬ್ಬರು ಯುವತಿಯರು ತಮ್ಮ ಪಾಲಿನ ಊಟವನ್ನು ಇವರ ಜೊತೆ ಹಂಚಿಕೊಂಡರು. ಬದುಕಿಗೆ ಬೇಕಾದದ್ದನ್ನು ಆ ಆರು ವಾರದಲ್ಲಿ ಕಲಿತೆ ಎಂದು ಲರ್ನರ್ ಕೊನೆಯವರೆಗೂ ಹೇಳುತ್ತಿದ್ದರು.

1939ರಲ್ಲಿ ಒಬ್ಬರೇ ಅಮೆರಿಕಕ್ಕೆ ಬಂದರು. ಕೈಯಲ್ಲಿ ಹಣ ಇಲ್ಲ, ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ. ಹೋಟೆಲಿನಲ್ಲಿ ಪರಿಚಾರಿಕೆ, ಅಂಗಡಿಯಲ್ಲಿ ಸೇಲ್ಸ್ ಕೆಲಸ, ಆಫೀಸಿನಲ್ಲಿ ಗುಮಾಸ್ತೆ. ಆಮೇಲೆ ಎಕ್ಸ್‌ರೇ ತಂತ್ರಜ್ಞೆಯ ತರಬೇತಿ ಪಡೆದು ಆ ಕೆಲಸವನ್ನೂ ಮಾಡಿದರು. 1941ರಲ್ಲಿ ಕಾರ್ಲ್ ಲರ್ನರ್ ಅವರನ್ನು ಮದುವೆಯಾದರು. ಅವರು ನಾಟಕದವರು, ಮುಂದೆ ಸಿನಿಮಾ ಸಂಕಲನಕಾರರಾದರು. ಸಂಸಾರ ಹಾಲಿವುಡ್ ಕಡೆಗೆ ಹೋಯಿತು. ಅಲ್ಲಿ ಮಕ್ಕಳಾದರು.

ಲಾಸ್ ಏಂಜಲೀಸ್‌ನಲ್ಲಿ ಅವರು ಗೃಹಿಣಿಯರ ಜೊತೆ ಸಂಘಟನೆಯ ಕೆಲಸ ಮಾಡಿದರು. ಯುದ್ಧ ಮುಗಿದ ಮೇಲೆ ಹುಟ್ಟಿದ ಅಮೆರಿಕನ್ ಮಹಿಳೆಯರ ಕಾಂಗ್ರೆಸ್ ಎಂಬ ಸಂಘದಲ್ಲಿ ದುಡಿದರು. ಆಗ ಅವರು ಕಮ್ಯುನಿಸ್ಟ್ ಪಕ್ಷದಲ್ಲೂ ಇದ್ದರು. ಮೆಕಾರ್ಥಿ ಕಾಲದಲ್ಲಿ, ಅಂದರೆ 1950ರ ಹೊತ್ತಿಗೆ ಕಮ್ಯುನಿಸ್ಟರನ್ನು ಹುಡುಕಿ ಹುಡುಕಿ ಕಾಡುತ್ತಿದ್ದಾಗ, ಭಯದಿಂದ ಈ ಭಾಗವನ್ನು ಬಚ್ಚಿಟ್ಟುಕೊಳ್ಳಬೇಕಾಯಿತು. ಎಷ್ಟೋ ದಶಕ ಬಹಿರಂಗವಾಗಿ ಮಾತಾಡಲಿಲ್ಲ. 2002ರಲ್ಲಿ, 82ನೇ ವಯಸ್ಸಿನಲ್ಲಿ, ಆತ್ಮಕಥೆ ಬರೆದಾಗ ಪೂರ್ತಿ ಹೇಳಿದರು. ಇತಿಹಾಸ ಬರೆಯುವವರೇ ತಮ್ಮ ಇತಿಹಾಸವನ್ನು ಅಷ್ಟು ಕಾಲ ಮುಚ್ಚಿಡಬೇಕಾಯಿತು. ಅದು ಅವರನ್ನು ಎಷ್ಟು ಕಾಡಿರಬೇಕು ಅಂತ ನನಗೆ ಅನ್ನಿಸುತ್ತಲೇ ಇರುತ್ತದೆ.

ಈಗ ನೋಡಿ. ಇಪ್ಪತ್ತು ವರ್ಷ ಅವರು ಕಂಡದ್ದು ಬರೀ ಕೆಲಸ ಮಾಡುವ ಹೆಣ್ಣುಮಕ್ಕಳನ್ನು. ಜೈಲಿನಲ್ಲಿ ಊಟ ಹಂಚುವವರು, ಅಂಗಡಿಯಲ್ಲಿ ದುಡಿಯುವವರು, ಬೆಲೆ ಏರಿಕೆ ವಿರುದ್ಧ ಬೀದಿಗೆ ಬರುವವರು, ಸಂಘದ ಲೆಕ್ಕ ಬರೆಯುವವರು. ಮೂವತ್ತು ದಾಟಿ ಎಷ್ಟೋ ವರ್ಷದ ಮೇಲೆ ನ್ಯೂಯಾರ್ಕಿನ ನ್ಯೂ ಸ್ಕೂಲ್‌ಗೆ ಸೇರಿದರು. ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯ. ಅಲ್ಲಿ ಓದಿದ ಇತಿಹಾಸದಲ್ಲಿ ಹೆಣ್ಣುಮಕ್ಕಳೇ ಇಲ್ಲ! ತಾನು ಬದುಕಿದ ಲೋಕ ಒಂದು, ಪುಸ್ತಕದ ಲೋಕ ಇನ್ನೊಂದು. ಇಪ್ಪತ್ತೆರಡರ ಹುಡುಗಿಯಾಗಿದ್ದರೆ ಪುಸ್ತಕದಲ್ಲಿದ್ದದ್ದೇ ಸರಿ ಅಂದುಕೊಂಡು ಪರೀಕ್ಷೆ ಬರೆದು ಬಿಡುತ್ತಿದ್ದರೇನೋ. ನಲವತ್ತು ದಾಟಿದವರಿಗೆ ಹಾಗೆ ನಂಬಿಸುವುದು ಕಷ್ಟ.

ನಿಮ್ಮ ಹತ್ತು ವರ್ಷಕ್ಕೂ ಇದಕ್ಕೂ ಸಂಬಂಧ ಇದೆ ಅಂದದ್ದು ಇದಕ್ಕೇ. ಅತ್ತೆಯವರ ಆರೈಕೆ ಮಾಡಿದ್ದೀರಿ. ಒಂದು ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಕೆಲಸ ಯಾರ ಪಾಲಿಗೆ ಬರುತ್ತದೆ, ಅದಕ್ಕೆ ಯಾಕೆ ಲೆಕ್ಕ ಇಲ್ಲ, ನೂರು ವರ್ಷದ ಹಿಂದೆ ಅದು ಹೇಗಿತ್ತು ಅನ್ನುವ ಪ್ರಶ್ನೆ ನಿಮಗೆ ಹೊಳೆಯುತ್ತದೆ. ನಿಮ್ಮ ಪ್ರಾಧ್ಯಾಪಕರಿಗೆ ಅದು ಹೊಳೆಯಲೇ ಇಲ್ಲದಿರಬಹುದು.

ಲರ್ನರ್ ಇತಿಹಾಸಕ್ಕೆ ಬಂದ ದಾರಿಯೂ ಕುತೂಹಲದ್ದು. ಅವರು ಮೊದಲು ಕಾದಂಬರಿಗಾರ್ತಿ. 1955ರಲ್ಲಿ ವಿಯೆನ್ನಾದ ಬಗ್ಗೆ ಒಂದು ಕಾದಂಬರಿ ಪ್ರಕಟವಾಗಿತ್ತು. ಮುಂದಿನದ್ದನ್ನು ಗ್ರಿಮ್ಕೆ ಸೋದರಿಯರ ಬಗ್ಗೆ ಬರೆಯಲು ಕೂತರು. ಸಾರಾ ಗ್ರಿಮ್ಕೆ, ಆಂಜೆಲಿನಾ ಗ್ರಿಮ್ಕೆ ಇಬ್ಬರೂ ದಕ್ಷಿಣ ಕ್ಯಾರೊಲಿನಾದಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ ಶ್ರೀಮಂತ ಮನೆಯಲ್ಲಿ ಹುಟ್ಟಿದವರು. ಮನೆ ಬಿಟ್ಟು ಉತ್ತರಕ್ಕೆ ಹೋಗಿ ಗುಲಾಮಗಿರಿಯ ವಿರುದ್ಧ ಮಾತಾಡಿದರು. 1838ರಲ್ಲಿ ಆಂಜೆಲಿನಾ ಮ್ಯಾಸಚೂಸೆಟ್ಸ್ ಶಾಸನಸಭೆಯ ಸಮಿತಿಯ ಮುಂದೆ ನಿಂತು ಮಾತಾಡಿದರು. ಅಮೆರಿಕದಲ್ಲಿ ಅಂಥ ಸಭೆಯ ಮುಂದೆ ಮಾತಾಡಿದ ಮೊದಲ ಹೆಂಗಸು ಅವರು. ಹೆಂಗಸರು ಗಂಡಸರಿರುವ ಸಭೆಯಲ್ಲಿ ಮಾತಾಡುವುದೇ ತಪ್ಪು ಅಂತ ಪಾದ್ರಿಗಳು ಬೈದರು. ಅದಕ್ಕೆ ಉತ್ತರವಾಗಿ ಸಾರಾ ಹೆಣ್ಣು ಗಂಡಿನ ಸಮಾನತೆಯ ಬಗ್ಗೆ ಪತ್ರಗಳ ರೂಪದಲ್ಲಿ ಒಂದು ಪುಸ್ತಕವನ್ನೇ ಬರೆದರು. ಇವರ ಬಗ್ಗೆ ಹುಡುಕುತ್ತಾ ಹೋದ ಲರ್ನರ್ ಅವರಿಗೆ, ಹಳೇ ಪತ್ರ ಓದುವುದು, ದಾಖಲೆ ತೂಗಿ ನೋಡುವುದು ತನಗೆ ಬರುವುದಿಲ್ಲ ಅನ್ನುವುದು ಅರಿವಾಯಿತು. ಅದನ್ನು ಕಲಿಯುವುದಕ್ಕೇ ಕಾಲೇಜಿಗೆ ಹೋದರು. ಕಾದಂಬರಿ ಪಕ್ಕಕ್ಕೆ ಸರಿಯಿತು, ಪಿಎಚ್.ಡಿ. ಪ್ರಬಂಧ ಬಂತು. 1967ರಲ್ಲಿ ಅದು ಪುಸ್ತಕವಾಯಿತು.

ಇಲ್ಲಿ ಶಿಕ್ಷಕಿಯಾದ ನೀವು ಗಮನಿಸಬೇಕಾದ ಸಂಗತಿ ಒಂದಿದೆ. ಬಿ.ಎ. ಕೈಗೆ ಬರುವ ಮೊದಲೇ, ತಾವಿನ್ನೂ ವಿದ್ಯಾರ್ಥಿನಿಯಾಗಿದ್ದಾಗಲೇ, ಲರ್ನರ್ ನ್ಯೂ ಸ್ಕೂಲ್‌ನಲ್ಲಿ ಅಮೆರಿಕದ ಇತಿಹಾಸದ ಮಹಿಳೆಯರ ಬಗ್ಗೆ ಒಂದು ಕೋರ್ಸ್ ಪಾಠ ಮಾಡಿದರು. ಆ ದೇಶದಲ್ಲಿ ಹೆಣ್ಣುಮಕ್ಕಳ ಇತಿಹಾಸಕ್ಕೆ ಅಂತಲೇ ನಡೆದ ಮೊದಲ ಕಾಲೇಜು ಕೋರ್ಸುಗಳಲ್ಲಿ ಅದೂ ಒಂದು ಅಂತ ಹೇಳುತ್ತಾರೆ. ಪಾಠ ಮೊದಲು, ಪದವಿ ಆಮೇಲೆ. ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಪಾಠ ಮಾಡಿದವಳು. ನನಗೆ ಇದು ಬಹಳ ಸಹಜ ಅನ್ನಿಸುತ್ತದೆ. ತರಗತಿಯಲ್ಲಿ ಒಂದು ಮಗು ಎದ್ದು ಕೇಳುವ ಪ್ರಶ್ನೆಯಿಂದ ಎಷ್ಟೋ ಸಲ ಸಂಶೋಧನೆ ಶುರುವಾಗುತ್ತದೆ. ನೀವು ಅತಿಥಿ ಉಪನ್ಯಾಸಕಿ ಅಂತ ಬರೆದದ್ದರಲ್ಲಿ ಸ್ವಲ್ಪ ಸಂಕೋಚ ಕಂಡಿತು. ಸಂಕೋಚ ಬೇಡ. ನಿಮ್ಮ ಮುಂದೆ ಕೂತ ಹುಡುಗಿಯರು ನಿಮ್ಮ ಕೆಲಸದ ಮೊದಲ ಓದುಗರು.

ಇನ್ನು 'ಅದು ಇತಿಹಾಸ ಅಲ್ಲ' ಅನ್ನುವ ಮಾತು. ಲರ್ನರ್ ಮಾಡಿದ ನಿಜವಾದ ಕೆಲಸ ಇರುವುದು ಇಲ್ಲೇ.

ಅವರಿಗಿಂತ ಮೊದಲು ಮೇರಿ ಬಿಯರ್ಡ್ ಎಂಬ ಇತಿಹಾಸಗಾರ್ತಿ ಇದ್ದರು. ಹೆಂಗಸರು ಇತಿಹಾಸದಲ್ಲಿ ಬರೀ ನೊಂದವರಲ್ಲ, ಇತಿಹಾಸವನ್ನು ನಡೆಸಿದವರು ಅಂತ 1946ರಲ್ಲೇ ಒಂದು ಪುಸ್ತಕದಲ್ಲಿ ವಾದಿಸಿದ್ದರು. ವೃತ್ತಿಯ ಇತಿಹಾಸಕಾರರು ಅದನ್ನು ಬದಿಗಿಟ್ಟರು. ಲರ್ನರ್ ಮಾತ್ರ ಬಿಯರ್ಡ್ ಅವರನ್ನೇ ತಮ್ಮ ಗುರು ಅಂದುಕೊಂಡರು, ಎಲ್ಲ ಕಡೆ ಅವರ ಹೆಸರು ಹೇಳಿದರು.

1975ರಲ್ಲಿ ಲರ್ನರ್ ಒಂದು ಲೇಖನ ಬರೆದರು. ಹೆಣ್ಣುಮಕ್ಕಳ ಇತಿಹಾಸ ಹೇಗೆ ಹಂತ ಹಂತವಾಗಿ ಬೆಳೆಯುತ್ತದೆ ಅಂತ ಅದರಲ್ಲಿ ಹೇಳಿದ್ದಾರೆ. ಇವತ್ತಿಗೂ ನಾನು ಹೊಸ ಸಂಶೋಧಕರಿಗೆ ಮೊದಲು ಓದಿಸುವುದು ಇದನ್ನೇ. ಅದನ್ನು ನಮ್ಮ ಉದಾಹರಣೆಗಳಲ್ಲಿ ಹೇಳುತ್ತೇನೆ.

ಮೊದಲ ಹಂತ ಸಾಧಕಿಯರ ಪಟ್ಟಿ. ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ, ಅತ್ತಿಮಬ್ಬೆ. ಇವರು ಬೇಕು, ಖಂಡಿತ ಬೇಕು. ಆದರೆ ಚೆನ್ನಮ್ಮನ ಕಾಲದ ಕಿತ್ತೂರಿನಲ್ಲಿ ಬೀಸುಕಲ್ಲಿನ ಮುಂದೆ ಕೂತಿದ್ದ ಹೆಂಗಸಿನ ಬಗ್ಗೆ ಈ ಪಟ್ಟಿ ಏನೂ ಹೇಳುವುದಿಲ್ಲ. ಎರಡನೆಯದು ಕೊಡುಗೆಯ ಇತಿಹಾಸ. ಸ್ವಾತಂತ್ರ್ಯ ಹೋರಾಟಕ್ಕೆ ಮಹಿಳೆಯರ ಕೊಡುಗೆ, ಏಕೀಕರಣಕ್ಕೆ ಮಹಿಳೆಯರ ಕೊಡುಗೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಂಥ ತಲೆಬರಹದ ಪ್ರಬಂಧಗಳು ರಾಶಿ ಇವೆ. ಇದರ ತೊಂದರೆ ಏನೆಂದರೆ, ಮನೆ ಗಂಡಸರದ್ದು, ಹೆಂಗಸರು ಬಂದು ನಾಲ್ಕು ಇಟ್ಟಿಗೆ ಕೊಟ್ಟರು ಅನ್ನುವ ಹಾಗೆ ಆಗುತ್ತದೆ. ಅಳತೆಗೋಲು ಗಂಡಸರದ್ದೇ ಉಳಿಯುತ್ತದೆ.

ಲರ್ನರ್ ಕೇಳಿದ್ದು ಅದಕ್ಕೂ ಆಚೆಯದನ್ನು. ಹೆಂಗಸರು ಇತಿಹಾಸದ ಅರ್ಧ ಜನ. ಅವರ ಕಣ್ಣಿನಿಂದ ನೋಡಿದರೆ, ಅವರಿಗೆ ಮುಖ್ಯ ಅನ್ನಿಸಿದ್ದರಿಂದ ಅಳೆದರೆ, ಇಡೀ ಕಥೆ ಹೇಗೆ ಕಾಣುತ್ತದೆ? ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಅವರ ಜೊತೆಗಿದ್ದ ಜೋನ್ ಕೆಲ್ಲಿ ಯುರೋಪಿನ ನವೋದಯದ ಬಗ್ಗೆ ಇದನ್ನೇ ಕೇಳಿದರು. ಅದು ಎಲ್ಲರಿಗೂ ಬೆಳಕಿನ ಕಾಲ ಅಂತ ಪಠ್ಯಪುಸ್ತಕ ಹೇಳುತ್ತದಲ್ಲ, ಹೆಂಗಸರಿಗೂ ಹಾಗಿತ್ತಾ? ಹಾಗಿರಲಿಲ್ಲ, ಅವರ ಸ್ವಾತಂತ್ರ್ಯ ಆಗ ಕಡಿಮೆಯಾಯಿತು ಅನ್ನುವುದು ಕೆಲ್ಲಿ ಕಂಡುಕೊಂಡ ಉತ್ತರ. ನಾವೂ ಕೇಳಬಹುದು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಅಷ್ಟು ಜನ ಹೆಂಗಸರು ವಚನ ಬರೆದರು. ಸೂಳೆ ಸಂಕವ್ವೆಯೂ ಬರೆದಳು. ಕಲ್ಯಾಣ ಚದುರಿದ ಮೇಲೆ ಹೆಂಗಸರ ಬರವಣಿಗೆಗೆ ಏನಾಯಿತು? ಹೀಗೆ ಕೇಳಿದ ಕೂಡಲೇ ನಮ್ಮ ಸಾಹಿತ್ಯ ಚರಿತ್ರೆಯ ಯುಗಗಳ ಗೆರೆಗಳು ಅಲ್ಲಾಡುತ್ತವೆ ಅಲ್ವಾ? ಇದು ಇತಿಹಾಸ ಅಲ್ಲದಿದ್ದರೆ ಮತ್ತೇನು?

1969ರ ಅವರ ಇನ್ನೊಂದು ಲೇಖನ ನನಗೆ ಬಹಳ ಇಷ್ಟ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗವನ್ನು ಅಮೆರಿಕದವರು ಜನಸಾಮಾನ್ಯನಿಗೆ ಓಟು ಬಂದ ಕಾಲ, ಪ್ರಜಾಪ್ರಭುತ್ವ ಹರಡಿದ ಕಾಲ ಅನ್ನುತ್ತಾರೆ. ಲರ್ನರ್ ಹೆಂಗಸರ ಕಡೆಯಿಂದ ನೋಡಿದರು. ಅದೇ ಕಾಲದಲ್ಲಿ ಡಾಕ್ಟರಿಕೆ ಒಂದು ವೃತ್ತಿಯಾಗಿ ಗಟ್ಟಿಯಾಯಿತು. ಅದಕ್ಕೆ ಕಾಲೇಜು ಬಂತು, ಲೈಸೆನ್ಸ್ ಬಂತು. ಹೆಂಗಸರಿಗೆ ಆ ಕಾಲೇಜಿನ ಬಾಗಿಲು ಮುಚ್ಚಿತ್ತು. ಅದುವರೆಗೆ ಮದ್ದು ಕೊಡುತ್ತಿದ್ದ, ಹೆರಿಗೆ ಮಾಡಿಸುತ್ತಿದ್ದ ಹೆಂಗಸರು ಹೊರಗೆ ಬಿದ್ದರು. ಇನ್ನೊಂದು ಕಡೆ ಬಡಮನೆಯ ಹುಡುಗಿಯರು ಬಟ್ಟೆ ಗಿರಣಿಗೆ ಹೋದರು. ಉಳ್ಳವರ ಮನೆಯ ಹೆಂಗಸು ಮನೆಯೊಳಗಿನ ಗೊಂಬೆಯಾದಳು. ಓದುವಾಗ ನನಗೆ ನಮ್ಮ ಸೂಲಗಿತ್ತಿಯರು ನೆನಪಾದರು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರೊಬ್ಬರ ಹೆಸರು ನಮಗೆ ಗೊತ್ತು. ಅವರ ಹಿಂದಿನ ನೂರಾರು ಸೂಲಗಿತ್ತಿಯರಿಗೆ ಮೈಸೂರು ರಾಜ್ಯದ ಆಸ್ಪತ್ರೆಗಳು ಬಂದಾಗ ಏನಾಯಿತು? ಒಳ್ಳೇ ಪಿಎಚ್.ಡಿ. ವಿಷಯ ಇದು.

ಆಧಾರದ ಮಾತಿಗೆ ಬರೋಣ. ಇದಕ್ಕೆ ಲರ್ನರ್ ಕೊಟ್ಟ ಉತ್ತರ 1972ರ ಪುಸ್ತಕ. ಅಮೆರಿಕದ ಕಪ್ಪು ಹೆಂಗಸರ ಮಾತುಗಳನ್ನೇ ಒಟ್ಟು ಮಾಡಿದ ದೊಡ್ಡ ಸಂಗ್ರಹ ಅದು. ಗುಲಾಮಗಿರಿಯಲ್ಲಿದ್ದ ಹೆಂಗಸರ ಹೇಳಿಕೆ, ಬಿಡುಗಡೆಯಾದವರಿಗೆ ಅಕ್ಷರ ಕಲಿಸಿದ ಟೀಚರುಗಳ ಪತ್ರ, ಮಹಿಳಾ ಕ್ಲಬ್ಬುಗಳ ಭಾಷಣ, ಮನೆಗೆಲಸದವರ ದೂರು ಎಲ್ಲವೂ ಅದರಲ್ಲಿವೆ. ಇವೆಲ್ಲ ಪೆಟ್ಟಿಗೆಗಳಲ್ಲಿ, ಹಳೇ ಪತ್ರಿಕೆಗಳಲ್ಲಿ, ಗ್ರಂಥಾಲಯಗಳಲ್ಲಿ ಮೊದಲಿನಿಂದಲೂ ಇದ್ದವು. ಆದರೆ ಅವುಗಳ ಸೂಚಿಯಲ್ಲಿ ಹೆಂಗಸರು ಅನ್ನುವ ತಲೆಬರಹವೇ ಇರಲಿಲ್ಲ. ಹುಡುಕುವವರು ಹುಡುಕುವ ರೀತಿಯನ್ನೇ ಬದಲಿಸಬೇಕಾಯಿತು.

ನಮ್ಮಲ್ಲೂ ಅದೇ ಕಥೆ. ಹಳೇ ಜಮೀನಿನ ಕಾಗದ ನೋಡಿದ್ದೀರಲ್ಲ. ಗಂಡಸಿನ ಹೆಸರಿನ ಮುಂದೆ 'ಬಿನ್' ಅಂತ ಬರೆದು ಅಪ್ಪನ ಹೆಸರು. ಹೆಂಗಸಿನ ಹೆಸರಿನ ಮುಂದೆ 'ಕೋಂ' ಅಂತ ಬರೆದು ಗಂಡನ ಹೆಸರು. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರು ಬರೆಸುವ ಪದ್ಧತಿ ಎಷ್ಟೋ ಮನೆಗಳಲ್ಲಿತ್ತು. ಶಾಲೆಯ ರಿಜಿಸ್ಟರಿನಲ್ಲಿ ಸುಬ್ಬಲಕ್ಷ್ಮಿಯಾಗಿದ್ದವಳು ಪಹಣಿಯಲ್ಲಿ ಸಾವಿತ್ರಮ್ಮ ಆಗಿರುತ್ತಾಳೆ. ಒಬ್ಬಳೇ ಹೆಂಗಸು ಎರಡು ದಾಖಲೆಗಳ ನಡುವೆ ಕಳೆದುಹೋಗುತ್ತಾಳೆ. ಆಧಾರ ಇಲ್ಲ ಅನ್ನುವವರು ಇದನ್ನೇ ನೋಡಿ ಹಾಗನ್ನುತ್ತಾರೆ. ನನ್ನ ಮಟ್ಟಿಗೆ ಈ ಕಳೆದುಹೋಗುವ ರೀತಿಯೇ ಒಂದು ಆಧಾರ. ಯಾವ ವರ್ಷದಲ್ಲಿ, ಯಾವ ಜಾತಿಯಲ್ಲಿ, ಯಾವ ಕಚೇರಿಯ ಕಾಗದದಲ್ಲಿ ಹೆಂಗಸಿಗೆ ಸ್ವಂತ ಹೆಸರು ಇತ್ತು ಅಂತ ಹುಡುಕಿ ನೋಡಿ.

ಶಾಸನಗಳಿವೆ. 1007ರ ಲಕ್ಕುಂಡಿಯ ಶಾಸನ ಅತ್ತಿಮಬ್ಬೆಯನ್ನು ಹೊಗಳುತ್ತದೆ. ಅಷ್ಟು ದೊಡ್ಡವರಲ್ಲದೆ, ಕೆರೆಗೆ, ಗುಡಿಯ ದೀಪಕ್ಕೆ ಚಿಕ್ಕ ದಾನ ಕೊಟ್ಟ ಸಾಮಾನ್ಯ ಹೆಂಗಸರೂ ಶಾಸನಗಳಲ್ಲಿದ್ದಾರೆ. ಅವರ ಕೈಯಲ್ಲಿ ಹಣ ಎಲ್ಲಿಂದ ಬಂತು? ಊರ ಬದಿಯ ಮಾಸ್ತಿಕಲ್ಲುಗಳಿವೆ. ಬೀಸುವ ಪದಗಳಿವೆ, ಸೋಬಾನೆಗಳಿವೆ. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರದ ಕಡತಗಳಿವೆ.

ಲರ್ನರ್ ಅವರ ಕೊನೆಯ ದೊಡ್ಡ ಕೆಲಸಕ್ಕೂ ಇದಕ್ಕೂ ಹೊಂದುತ್ತದೆ. 1986ರಲ್ಲಿ ಒಂದು, 1993ರಲ್ಲಿ ಒಂದು, ಹೀಗೆ ಜೋಡಿ ಪುಸ್ತಕ ಬರೆದರು. ಮೊದಲನೆಯದು ಗಂಡಾಳಿಕೆಯ ಹುಟ್ಟಿನ ಬಗ್ಗೆ. ಅದು ಪ್ರಕೃತಿಯಿಂದ ಬಂದದ್ದಲ್ಲ, ಮನುಷ್ಯರು ಕಟ್ಟಿದ್ದು, ಕಟ್ಟುವುದಕ್ಕೆ ಸುಮಾರು 2,500 ವರ್ಷ ಹಿಡಿಯಿತು, ಆದ್ದರಿಂದ ಅದಕ್ಕೊಂದು ಕೊನೆಯೂ ಇರಬಹುದು ಅನ್ನುವುದು ವಾದ. ಪ್ರಾಚೀನ ಮೆಸೊಪೊಟೇಮಿಯಾದ ಕಾನೂನುಗಳನ್ನು ಹಿಡಿದು ಬರೆದಿದ್ದಾರೆ. ಅಸ್ಸೀರಿಯಾದ ಒಂದು ಕಾನೂನಿನ ಪ್ರಕಾರ ಮನೆತನದ ಹೆಂಗಸರು ಹೊರಗೆ ಬರುವಾಗ ಮುಸುಕು ಹಾಕಲೇಬೇಕು. ಗುಲಾಮ ಹೆಂಗಸರು, ವೇಶ್ಯೆಯರು ಮುಸುಕು ಹಾಕಿದರೆ ಶಿಕ್ಷೆ. ಅಂದರೆ ಕಾನೂನು ಒಂದು ಬಟ್ಟೆಯ ತುಂಡಿನಿಂದ ಹೆಂಗಸರನ್ನು ಎರಡು ಗುಂಪು ಮಾಡಿತು. ನಮ್ಮಲ್ಲಿ ಗರತಿ ಅನ್ನುವ ಮಾತಿಗೆ ಎದುರಾಗಿ ಯಾವ ಮಾತು ನಿಂತಿದೆ ಅಂತ ಯೋಚಿಸಿ ನೋಡಿ.

ನನ್ನ ಅಭಿಪ್ರಾಯ ಕೇಳಿದರೆ, ಆ ಮೊದಲ ಪುಸ್ತಕಕ್ಕಿಂತ ಅವರ ಲೇಖನಗಳೇ ಗಟ್ಟಿ. ಅವರು ಪ್ರಾಚೀನ ಮೆಸೊಪೊಟೇಮಿಯಾದ ತಜ್ಞೆ ಅಲ್ಲ. ಒಂದು ಪ್ರದೇಶದ ಕಥೆಯಿಂದ ಇಷ್ಟು ದೊಡ್ಡ ಮಾತು ಹೇಳಬಹುದಾ ಅನ್ನುವ ಟೀಕೆಯಲ್ಲಿ ಹುರುಳಿದೆ. ಆದರೆ ಅರವತ್ತರ ಆಸುಪಾಸಿನಲ್ಲಿ, ಹೆಸರು ಮಾಡಿದ ಮೇಲೆ, ತನಗೆ ಗೊತ್ತಿಲ್ಲದ ಕಾಲಕ್ಕೆ ಹೋಗಿ ಹೊಸದಾಗಿ ಓದಲು ಕೂತರಲ್ಲ, ಅದಕ್ಕೆ ನಾನು ಕೈ ಮುಗಿಯುತ್ತೇನೆ.

ಎರಡನೇ ಪುಸ್ತಕದಲ್ಲಿ ಒಂದು ನೋವಿನ ಸತ್ಯ ಇದೆ. ಯುರೋಪಿನಲ್ಲಿ ಸಾವಿರ ವರ್ಷದುದ್ದಕ್ಕೂ ಹೆಂಗಸರು ಬೈಬಲ್ ಓದಿ, ಹೆಣ್ಣು ಕೀಳು ಅನ್ನುವ ಮಾತಿಗೆ ಉತ್ತರ ಬರೆದರು. ಪ್ರತಿಯೊಬ್ಬಳೂ ಮೊದಲಿನಿಂದ ಶುರು ಮಾಡಿದಳು. ಯಾಕೆಂದರೆ ಹಿಂದಿನವಳು ಬರೆದದ್ದು ಮುಂದಿನವಳ ಕೈಗೆ ಸಿಗಲಿಲ್ಲ. ಗಂಡಸರು ಹಿಂದಿನವರ ಹೆಗಲ ಮೇಲೆ ಕೂತು ಮುಂದಕ್ಕೆ ನೋಡಿದರು. ಹೆಂಗಸರು ಪ್ರತಿ ಸಲವೂ ನೆಲದಿಂದಲೇ ಎದ್ದರು.

ನಂಜನಗೂಡು ನೆನಪಿಗೆ ಬರುತ್ತದೆ. 1878ರಲ್ಲಿ ಅಲ್ಲಿ ಗಾಯಕಿ ಬೆಂಗಳೂರು ನಾಗರತ್ನಮ್ಮ ಹುಟ್ಟಿದರು. ತಂಜಾವೂರಿನ ಕವಯಿತ್ರಿ ಮುದ್ದುಪಳನಿ ಬರೆದಿದ್ದ ತೆಲುಗು ಕಾವ್ಯವನ್ನು ಹುಡುಕಿ, ಬಿಟ್ಟುಹೋದ ಭಾಗಗಳನ್ನೂ ಸೇರಿಸಿ 1910ರಲ್ಲಿ ಅಚ್ಚು ಹಾಕಿಸಿದರು. ಅಶ್ಲೀಲ ಅಂತ ಬ್ರಿಟಿಷ್ ಸರ್ಕಾರ ಮರುವರ್ಷವೇ ನಿಷೇಧಿಸಿತು. ಅದೇ ನಂಜನಗೂಡಿನಲ್ಲಿ 1887ರಲ್ಲಿ ಲೇಖಕಿ ತಿರುಮಲಾಂಬ ಹುಟ್ಟಿದರು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದರು. ಸತಿ ಹಿತೈಷಿಣಿ ಗ್ರಂಥಮಾಲೆ ನಡೆಸಿದರು, ಕರ್ನಾಟಕ ನಂದಿನಿ ಪತ್ರಿಕೆ ತಂದರು. ಆಮೇಲೆ ಬರವಣಿಗೆ ನಿಲ್ಲಿಸಿ ದಶಕಗಟ್ಟಲೆ ಮರೆವಿಗೆ ಸರಿದರು. ಒಂದೇ ಊರು, ಒಂಬತ್ತು ವರ್ಷದ ಅಂತರ, ದೇವದಾಸಿ ಮನೆತನದ ಒಬ್ಬರು, ಬ್ರಾಹ್ಮಣ ವಿಧವೆ ಒಬ್ಬರು. ಇವರನ್ನು ಸಾಧಕಿಯರ ಪಟ್ಟಿಯಲ್ಲಿ ಬೇರೆ ಬೇರೆ ಬರೆಯುವುದು ಸುಲಭ. ಇಬ್ಬರಿಗೂ ಓದು ಹೇಗೆ ಸಿಕ್ಕಿತು, ಒಬ್ಬೊಬ್ಬರಿಗೆ ಯಾವ ಬಾಗಿಲು ತೆರೆಯಿತು, ಯಾವುದು ಮುಚ್ಚಿತು ಅಂತ ಒಟ್ಟಿಗೆ ಇಟ್ಟು ಕೇಳಿದರೆ ಲರ್ನರ್ ಬಯಸಿದ ಇತಿಹಾಸ ಶುರುವಾಗುತ್ತದೆ.

ಅವರ ವೃತ್ತಿಯ ಇನ್ನೊಂದು ಮುಖ ಸಂಸ್ಥೆ ಕಟ್ಟಿದ್ದು. ಲಾಂಗ್ ಐಲೆಂಡ್ ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ಪಾಠ ಮಾಡಿ, 1968ರಲ್ಲಿ ಸಾರಾ ಲಾರೆನ್ಸ್ ಕಾಲೇಜಿಗೆ ಬಂದರು. 1972ರಲ್ಲಿ ಅಲ್ಲಿ ಮಹಿಳಾ ಇತಿಹಾಸದ ಎಂ.ಎ. ಶುರುವಾಯಿತು. ಅಮೆರಿಕದಲ್ಲೇ ಅದು ಮೊದಲನೆಯದು. 1973ರಲ್ಲಿ ಗಂಡ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ದುಃಖದ ನಡುವೆಯೂ ಕೆಲಸ ನಿಲ್ಲಲಿಲ್ಲ. 1979ರ ಬೇಸಿಗೆಯಲ್ಲಿ ಮಹಿಳಾ ಸಂಘಟನೆಗಳ ನಾಯಕಿಯರಿಗೆ ಅದೇ ಕಾಲೇಜಿನಲ್ಲಿ ಇತಿಹಾಸದ ಶಿಬಿರ ನಡೆಸಿದರು. ಕ್ಯಾಲಿಫೋರ್ನಿಯಾದ ಸೋನೊಮಾ ಕೌಂಟಿಯಲ್ಲಿ ಮಾರ್ಚ್ 8ರ ವಾರವನ್ನು ಶಾಲೆಗಳಲ್ಲಿ ಮಹಿಳಾ ಇತಿಹಾಸದ ವಾರವಾಗಿ ಆಚರಿಸುತ್ತಿದ್ದ ಸುದ್ದಿ ಶಿಬಿರದಲ್ಲಿ ಹರಡಿತು. ಇದು ದೇಶಕ್ಕೇ ಬೇಕು ಅಂತ ಅಲ್ಲಿದ್ದವರು ತೀರ್ಮಾನಿಸಿದರು. 1980ರಲ್ಲಿ ಅಧ್ಯಕ್ಷ ಕಾರ್ಟರ್ ಅದನ್ನು ಘೋಷಿಸಿದರು. 1987ರಲ್ಲಿ ವಾರ ತಿಂಗಳಾಯಿತು. ಮಾರ್ಚ್ ತಿಂಗಳಲ್ಲಿ ಮೊಬೈಲಿಗೆ ಬರುವ ಮಹಿಳಾ ಇತಿಹಾಸ ಮಾಸದ ಸಂದೇಶದ ಬೇರು ಅಲ್ಲಿದೆ.

1980ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋದರು. ಮ್ಯಾಡಿಸನ್ ನಗರದಲ್ಲಿ ಮಹಿಳಾ ಇತಿಹಾಸದ ಪಿಎಚ್.ಡಿ. ವಿಭಾಗ ಕಟ್ಟಿ, 1991ರಲ್ಲಿ ನಿವೃತ್ತರಾದರು. ಅಮೆರಿಕದ ಇತಿಹಾಸಕಾರರ ಸಂಘಕ್ಕೆ 1981ರಲ್ಲಿ ಅಧ್ಯಕ್ಷೆಯಾದರು. ಐವತ್ತು ವರ್ಷದಲ್ಲಿ ಆ ಕುರ್ಚಿಗೆ ಬಂದ ಮೊದಲ ಹೆಂಗಸು. ಮಹಿಳಾ ಇತಿಹಾಸದ ಒಳ್ಳೇ ಪಿಎಚ್.ಡಿ. ಪ್ರಬಂಧಕ್ಕೆ ಆ ಸಂಘ ಈಗ ಅವರ ಮತ್ತು ಇನ್ನೊಬ್ಬ ಇತಿಹಾಸಗಾರ್ತಿ ಆನ್ ಫೈರರ್ ಸ್ಕಾಟ್ ಅವರ ಹೆಸರಿನಲ್ಲಿ ಬಹುಮಾನ ಕೊಡುತ್ತದೆ. 2013ರ ಜನವರಿ 2ರಂದು ಮ್ಯಾಡಿಸನ್‌ನಲ್ಲಿ ತೀರಿಕೊಂಡರು. 92 ವರ್ಷ.

ನಮ್ಮ ದೇಶದಲ್ಲೂ ಈ ದಾರಿ ಹೊಸದಲ್ಲ. 1974ರಲ್ಲೇ ಮುಂಬೈನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ನೀರಾ ದೇಸಾಯಿ ಮಹಿಳಾ ಅಧ್ಯಯನ ಘಟಕ ತೆರೆದರು. ದೆಹಲಿಯ ಮಿರಾಂಡಾ ಹೌಸ್‌ನಲ್ಲಿ ದಶಕಗಳ ಕಾಲ ಪಾಠ ಮಾಡಿದ ಉಮಾ ಚಕ್ರವರ್ತಿ ಅವರನ್ನು ನೀವು ಓದಲೇಬೇಕು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಬಗ್ಗೆ ಅವರು ಬರೆದ ಪುಸ್ತಕದಲ್ಲಿ, ಒಬ್ಬಳ ಜೀವನದ ಮೂಲಕ ಇಡೀ ಕಾಲದ ಜಾತಿ, ವಿಧವೆತನ, ಕಾನೂನು ಕಾಣುತ್ತದೆ. ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆ. ನಿಮ್ಮ ಪ್ರಾಧ್ಯಾಪಕರು ಒಪ್ಪದಿದ್ದರೆ ಬೇರೆ ಮಾರ್ಗದರ್ಶಕರನ್ನು ಹುಡುಕಿ. ಅವರ ಜೊತೆ ಜಗಳ ಬೇಡ, ಆ ಶಕ್ತಿ ಓದಿಗೆ ಬೇಕು.

ನಿಯಮದ ವಿಷಯ ಬೇಗ ಹೇಳಿಬಿಡುತ್ತೇನೆ. 2022ರ ಯುಜಿಸಿ ನಿಯಮದಂತೆ ಪಿಎಚ್.ಡಿ.ಗೆ ಎಂ.ಎ.ಯಲ್ಲಿ ಶೇ. 55 ಅಂಕ ಬೇಕು, ಮೀಸಲಾತಿ ಇರುವವರಿಗೆ ಶೇ. 5 ರಿಯಾಯಿತಿ. ಅರೆಕಾಲಿಕವಾಗಿಯೂ ಮಾಡಬಹುದು. ಹೆಂಗಸರಿಗೆ ಮುಗಿಸುವುದಕ್ಕೆ ಎರಡು ವರ್ಷ ಜಾಸ್ತಿ ಅವಕಾಶ ಇದೆ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ವಯಸ್ಸು ನಿಮಗೆ ದಾಟಿದೆ. ಅಂದರೆ ಆ ಫೆಲೋಶಿಪ್ ಹಣ ಬರುವುದಿಲ್ಲ, ಮನೆಯಲ್ಲಿ ಇದನ್ನು ಮೊದಲೇ ಮಾತಾಡಿಕೊಳ್ಳಿ. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ನೆಟ್ ಬರೆಯಲು ವಯಸ್ಸಿನ ಮಿತಿ ಇಲ್ಲ, ಬರೆಯಿರಿ. ಕೆಲಸ ಖಂಡಿತ ಸಿಗುತ್ತದೆ ಅಂತ ನಾನು ಹೇಳಲಾರೆ. ಇತಿಹಾಸದ ಖಾಯಂ ಹುದ್ದೆಗಳು ಕಡಿಮೆ, ಅದು ನಿಮಗೂ ಗೊತ್ತು.

ವಿಷಯವನ್ನು ಚಿಕ್ಕದಾಗಿ ಹಿಡಿಯಿರಿ. 'ಕರ್ನಾಟಕದ ಇತಿಹಾಸದಲ್ಲಿ ಮಹಿಳೆ' ಅಂತ ಹೋದರೆ ಮತ್ತೆ ಪಟ್ಟಿಯಾಗುತ್ತದೆ. ಒಂದು ತಾಲ್ಲೂಕು, ಒಂದು ಕಸುಬು, ಮೂವತ್ತು ನಲವತ್ತು ವರ್ಷ ಸಾಕು. ನಿಮ್ಮ ಊರಿನಲ್ಲಿ ಹಳೇ ಹೆಣ್ಣುಮಕ್ಕಳ ಶಾಲೆ ಇದ್ದರೆ, ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಕೊಟ್ಟು ಅವರ ಮೊದಲ ದಾಖಲಾತಿ ರಿಜಿಸ್ಟರ್ ತೋರಿಸಲು ಕೇಳಿ. ಮೊದಲ ಐವತ್ತು ಹುಡುಗಿಯರ ಹೆಸರು, ಜಾತಿ, ಅಪ್ಪನ ಕಸುಬು ಬರೆದುಕೊಳ್ಳಿ. ಕೊನೆಯಲ್ಲಿ 'ಶಾಲೆ ಬಿಟ್ಟ ಕಾರಣ' ಅನ್ನುವ ಕಾಲಂ ಇದ್ದರೆ ಅದನ್ನು ಬಿಡಬೇಡಿ. ಆಮೇಲೆ ಆ ಹೆಸರುಗಳಲ್ಲಿ ಒಂದನ್ನಾದರೂ ಹಿಡಿದು, ಮದುವೆಯ ನಂತರದ ಹೆಸರಿನಲ್ಲಿ ಅವಳನ್ನು ಹುಡುಕಿ. ಊರಿನ ಅಜ್ಜಿಯರನ್ನು ಕೇಳಿ, 'ಕೋಂ' ಇರುವ ಕಾಗದಗಳನ್ನು ನೋಡಿ. ಪಿಎಚ್.ಡಿ. ಸಾರಾಂಶ ಅದಾದ ಮೇಲೆ ಬರೆಯಿರಿ. ಬರೆದದ್ದನ್ನು ಸಲ್ಲಿಸುವ ಮೊದಲು ನನಗೊಂದು ಪ್ರತಿ ಕಳಿಸಿ, ಓದಿ ಗುರುತು ಹಾಕಿ ಕೊಡುತ್ತೇನೆ.